ತೊಳೆದಿಟ್ಟ ಗಡಿಗೆ

ನನಗಾದ ಅನ್ಯಾಯವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ: ಕಳೆದ ಸೋಮವಾರ, ನಾನು ಪೇಪರು ಓದುತ್ತ ಕುಳಿತಿದ್ದ ಹೊತ್ತಿನಲ್ಲಿ, ನನ್ನ ಸೊಸೆ ಮೊಸರಿನ ಗಡಿಗೆಯನ್ನು ತೊಳೆದಿಟ್ಟಳು. ಇಷ್ಟೇಯೇ ಎಂದು ನಗಬೇಡಿ, ಓದುಗ ಮಹಾಶಯರೇ. ತಳದಲ್ಲಿ ಮರುದಿನಕ್ಕೆಂದು ಉಳಿಸಿದ್ದ ಹೆಪ್ಪನ್ನೂ ಚೆಲ್ಲಿ, ಸೋಪಿನ ಪುಡಿ ಹಾಕಿ ತಿಕ್ಕಿ, ಬಿಸಿಲಿಗೆ ಬೋರಲು ಹಾಕಿದ್ದಳು.

“ಮಾವಾರ, ಇನ್ ಮ್ಯಾಲ ಪಾಕೀಟ ಮಸರ ತರ್ತೇವ್ರಿ. ನಿಮಗ್ಯಾಕ ಈ ತ್ರಾಸ? ಆರಾಮ ಕುಂದರ್ರಿ.”

ಆರಾಮ! ನಿವೃತ್ತ ಮನುಷ್ಯನಿಗೆ ಈ ಮೂರಕ್ಷರಕ್ಕಿಂತ ಕ್ರೂರವಾದ ಶಿಕ್ಷೆಯನ್ನು ಯಾವ ನ್ಯಾಯಾಲಯವೂ ವಿಧಿಸಲಾರದು.

ಆ ಹೆಪ್ಪು ನನ್ನ ಹೆಂಡತಿ ಮದುವೆಯಾಗಿ ಬರುವಾಗ ಸಾಲೋಟಗಿಯ ತವರಿನಿಂದ ತಂದದ್ದು. ಇಂಡಿಯಲ್ಲಿ ಬಸ್ಸು ಹತ್ತಿ, ಸಿಂದಗಿಯಲ್ಲಿ ಬದಲಿಸಿ, ಬಾಯಿಗೆ ಬಟ್ಟೆ ಕಟ್ಟಿದ ಕುಡಿಕೆಯನ್ನು ಮುದ್ದೇಬಿಹಾಳದವರೆಗೂ ಮಡಿಲಿನಿಂದ ಇಳಿಸಿರಲಿಲ್ಲ. “ಚೆಲ್ಲಿದ್ರ ನೀವಽ ಒರಸಬೇಕು ನೋಡ್ರಿ” ಎಂದ ಸಿಂದಗಿಯ ಕಂಡಕ್ಟರನ ಮುಖ ನನಗಿನ್ನೂ ನೆನಪಿದೆ, ಕ್ಷಮಿಸಿಲ್ಲ. ಮುಂದೆ ಮಂಡಿನೋವು ಅವಳನ್ನು ಕೂರಿಸಿಬಿಟ್ಟಾಗ, ಹಾಲಿನ ಬಿಸಿಯನ್ನು ಕಿರುಬೆರಳಿನಿಂದ ಅಳೆಯುವ ವಿದ್ಯೆಯನ್ನು ನನಗೆ ಧಾರೆಯೆರೆದಳು. ಕಾಲೇಜಿನಲ್ಲಿ ಅಲಂಕಾರಶಾಸ್ತ್ರ ಬೋಧಿಸಿದವನಿಗೆ ಬೆರಳು ಸುಟ್ಟುಕೊಂಡೇ ಪಾಠವಾಯಿತು. ನನ್ನ ಮೊದಮೊದಲ ಮೊಸರು ನನ್ನ ಉಪನ್ಯಾಸಗಳಷ್ಟೇ ನೀರಾಗಿತ್ತು. ಅವಳು ತೀರಿಕೊಂಡ ಮೇಲೆ, ಬೆಳಗಾದರೆ ನಾನು ಏಳುತ್ತಿದ್ದುದು ಮುಚ್ಚಳ ತೆಗೆದು, ಮೊಸರು ಗಟ್ಟಿಯಾಗಿದೆಯೇ ಎಂದು ನೋಡುವುದಕ್ಕೇ.

ಇಷ್ಟು ಸಾಲದೆಂಬಂತೆ ಅದೇ ವಾರ ಮಗ ನನ್ನನ್ನು ಬಸವನ ಬಾಗೇವಾಡಿಯ ಶಿಬಿರವೊಂದಕ್ಕೆ ಕರೆದೊಯ್ದ. ವಿಷಯ, ಜೀವನದ ಅರ್ಥಾನ್ವೇಷಣೆ!

“ಅಪ್ಪಾ, ಈಗೀಗ ಭಾಳ ಸಪ್ಪಗ ಇರ್ತೀರಿ. ಬದುಕಿಗೆ ಒಂದು ಗುರಿ ಅಂತ ಇರಬೇಕ್ರಿ.”

ಕಿವಿಗೇ ಮೈಕು ಸಿಕ್ಕಿಸಿಕೊಂಡಿದ್ದ ತರುಣ ವಾಗ್ಮಿ ವೇದಿಕೆಯ ಆ ತುದಿಯಿಂದ ಈ ತುದಿಗೆ ಓಡಾಡುತ್ತ, ಬೆಳಿಗ್ಗೆ ಏಳುವುದಕ್ಕೆ ನಿಮಗೊಂದು ಕಾರಣವಿದೆಯೇ ಎಂದು ಸಭೆಯನ್ನು ಕೇಳಿದ. ನಾನು ಎದ್ದು ನಿಂತೆ.

“ಇತ್ರೀ. ಸೋಮವಾರ ತಿಕ್ಕಿ ತೊಳದ್ರು.”

ಇದಾವುದೋ ಗಹನವಾದ ಅಧ್ಯಾತ್ಮವೆಂದು ಭಾವಿಸಿ ಸಭೆ ಚಪ್ಪಾಳೆ ತಟ್ಟಿತು. ಮಗ ಮಾತ್ರ ಮೊಬೈಲಿನೊಳಗೆ ಮುಖ ಹುದುಗಿಸಿದ.

ಊರಿಗೆ ಮರಳಿದವನೇ ಬಟ್ಟಲು ಹಿಡಿದು ಪಕ್ಕದ ಮನೆಯ ಹಸೀನಾಬಿಯ ಬಾಗಿಲಿಗೆ ನಡೆದೆ. ನಮ್ಮ ಓಣಿಯಲ್ಲಿ ಹೆಪ್ಪು ಕೇಳುವುದು ನಾಚಿಕೆಯಲ್ಲ; ದೀಪ ಹಚ್ಚಿದ ಮೇಲೆ ಕೇಳುವುದು ಅಪರಾಧ. ಆಕೆ ಮೊದಲು ಆಕಾಶ ನೋಡಿದಳು.

“ಇನ್ನೊಂದು ಚೂರು ತಡಾ ಆಗಿದ್ರ ಕೊಡ್ತಿರಲಿಲ್ರಿ ಸರ. ಒಮ್ಮೆ ನಿಮ್ಮ ಮನಿ ಅಕ್ಕಾರು ನನಗ ಖಾಲಿ ಬಟ್ಟಲಾ ಹಿಡಿಸಿ ಹಂಗಽ ವಾಪಸ್ ಕಳಿಸಿದ್ರು. ನಾ ಮರತಿಲ್ಲ!” ನಗುತ್ತಲೇ ಬಟ್ಟಲು ತುಂಬಿಸಿ ತಂದಳು. “ಮರುದಿನ ಮುಂಜಾನೆ ಅಕ್ಕಾರು ತಾವಽ ಬಂದು ಕೊಟ್ಟು ಹೋದ್ರು. ಅದಽ ಹೆಪ್ಪು ರೀ ಇದು, ಇನ್ನೂ ನಡಸೇನಿ. ನಿಮ್ದು ನೀವು ತೊಗೋರಿ.”

ಅವಮಾನವನ್ನು ಮರೆಯದ ಪ್ರಾಣಿ ಈ ಓಣಿಯಲ್ಲಿ ನಾನೊಬ್ಬನೇ ಅಲ್ಲವೆಂದು ತಿಳಿದು ಸಮಾಧಾನವಾಯಿತು. ಸಿಟ್ಟು ಇಳಿಯಲಿಲ್ಲ.

ಗಡಿಗೆ ಈಗ ಅಡುಗೆಮನೆಯಲ್ಲಿಲ್ಲ, ನನ್ನ ಕೋಣೆಯ ಗೂಡಿನಲ್ಲಿದೆ. ಇಂದು ಬೆಳಿಗ್ಗೆ ಮುಚ್ಚಳ ತೆಗೆದೆ; ಗಟ್ಟಿಯಾಗಿತ್ತು. ಆದ್ದರಿಂದ, ನನಗೆ ಆರಾಮವನ್ನು ದಯಪಾಲಿಸಿದ ಮಗ-ಸೊಸೆಯರೇ, ಒಂದು ಮಾತಿಗೆ ಉತ್ತರ ಕೊಡಿ: ನಾಳೆ ಹಸೀನಾಬಿಯ ಮನೆಯ ಮೊಸರು ಕೆಟ್ಟು ಆಕೆ ಬಟ್ಟಲು ಹಿಡಿದು ಬಂದರೆ, ನಿಮ್ಮ ಪಾಕೀಟಿನ ಯಾವ ಮೂಲೆ ಕತ್ತರಿಸಿ ಅವಳ ‘ಅಕ್ಕಾರ’ ಹೆಪ್ಪನ್ನು ಕೊಡುತ್ತೀರಿ?