ಸಿಡಿಲು ಟೀಚರ್ ಮತ್ತು ಏಟಿನ ನಕ್ಷೆ

ಮಕ್ಕಳು ಆಕೆಗೆ ಸಿಡಿಲು ಟೀಚರ್ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಸಿಡಿಲಿಗಾದರೂ ಮೊದಲು ಮಿಂಚು ಕಾಣಿಸುತ್ತದೆ. ಈಕೆಯ ಕೈ ಯಾವಾಗ ಎದ್ದಿತು, ಯಾವಾಗ ಕೆನ್ನೆಗೆ ಬಿತ್ತು ಎನ್ನುವುದು ಹೊಡೆಸಿಕೊಂಡವರಿಗೂ ತಿಳಿಯುತ್ತಿರಲಿಲ್ಲ. ಇಪ್ಪತ್ತೊಂದು ವರ್ಷ ಒಂದೇ ಸರ್ಕಾರಿ ಶಾಲೆಯಲ್ಲಿ ಗಣಿತ ಕಲಿಸಿದವಳು. ಮೇಜಿನ ಮೇಲೆ ಹಾಜರಿ ಪುಸ್ತಕ, ಅದರ ಮೇಲೆ ಒಂದು ಮರದ ರೂಲರ್. ರೂಲರಿನ ಒಂದು ಅಂಚಿಗೆ ಹಿತ್ತಾಳೆ ಪಟ್ಟಿ. ಪಟ್ಟಿಯ ಕಡೆಯಿಂದ ಹೊಡೆದರೆ ಬೆರಳ ಗೆಣ್ಣಿನ ಚರ್ಮ ಸೀಳುತ್ತಿತ್ತು, ಇನ್ನೊಂದು ಕಡೆಯಿಂದಾದರೆ ಬರೀ ಬಾಸುಂಡೆ. ಯಾವ ತಪ್ಪಿಗೆ ಯಾವ ಕಡೆ ಎನ್ನುವುದು ಮಕ್ಕಳಿಗೆ ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠವಾಗಿತ್ತು.

ಆಕೆ ಕಲಿತದ್ದೂ ಹಾಗೆಯೇ. ಅಪ್ಪ ಲಾರಿ ಮೆಕ್ಯಾನಿಕ್. ಗ್ಯಾರೇಜಿನಲ್ಲಿ ಹಳೆಯ ಫ್ಯಾನ್ ಬೆಲ್ಟುಗಳಿಗೆ ಬರವಿರಲಿಲ್ಲ. ಏಳೆಂಟಲ ಐವತ್ತನಾಲ್ಕು ಎಂದಳೋ, ಬೆಲ್ಟು ಕಾಲಿನ ಮೀನಖಂಡಕ್ಕೆ ಸುತ್ತಿಕೊಳ್ಳುತ್ತಿತ್ತು. ಅಳು ಬಂದರೆ ಮತ್ತೊಂದು. ಅಣ್ಣ ಹನ್ನೆರಡನೇ ವಯಸ್ಸಿಗೆ ದವಡೆ ಮುರಿಸಿಕೊಂಡು ಮನೆ ಬಿಟ್ಟವನು ತಿರುಗಿ ಬರಲೇ ಇಲ್ಲ. ಈಕೆ ಉಳಿದಳು, ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. "ಇವಳನ್ನ ಓದಿಸಿದ್ದು ನಾನಲ್ಲ, ನನ್ನ ಬೆಲ್ಟು" ಎಂದು ಅಪ್ಪ ಬಂದವರ ಮುಂದೆಲ್ಲ ಎದೆ ತಟ್ಟಿಕೊಂಡ. ಆಕೆಯೂ ಅದನ್ನು ನಂಬಿದಳು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎನ್ನುವುದು ಆಕೆಯ ಬಾಯಲ್ಲಿ ಸದಾ ಇದ್ದ ಮಾತು.

ಒಂದು ದಿನ ಐದನೇ ತರಗತಿಯಲ್ಲಿ ಭಿನ್ನರಾಶಿ ನಡೆಯುತ್ತಿತ್ತು. ಇಸ್ತ್ರಿ ಅಂಗಡಿಯವಳ ಮಗಳು ಎದ್ದು ನಿಂತಳು.

"ಮಿಸ್, ನಾಲ್ಕು ದೊಡ್ಡದಲ್ವಾ? ಮತ್ತೆ ನಾಲ್ಕನೇ ಒಂದು ಭಾಗ ಯಾಕೆ ಚಿಕ್ಕದು?"

ಟೀಚರ್ ಬಿಡಿಸಿ ಹೇಳಿದಳು. ಹುಡುಗಿಗೆ ಅರ್ಥವಾಗಲಿಲ್ಲ, ಮತ್ತೆ ಕೇಳಿದಳು. ಮೂರನೇ ಸಲ ಕೇಳಿದಾಗ ಟೀಚರ್ ಅಂಗೈ ಬೀಸಿ ಎಡಗಿವಿಗೆ ಬಾರಿಸಿದಳು. ಹುಡುಗಿ ಬೆಂಚಿನ ಮೂಲೆಗೆ ತಲೆ ಬಡಿದುಕೊಂಡು ಬಿದ್ದಳು. ಎದ್ದಾಗ ಕಿವಿಯಿಂದ ಸಣ್ಣಗೆ ರಕ್ತ ಇಳಿದು ಬಿಳಿ ಕಾಲರನ್ನು ತೋಯಿಸುತ್ತಿತ್ತು. "ಹೋಗಿ ತೊಳ್ಕೊಂಡ್ ಬಾ" ಎಂದು ಟೀಚರ್ ಬೋರ್ಡಿನ ಕಡೆ ತಿರುಗಿದಳು.

ಮಾರನೇ ದಿನ ಇಸ್ತ್ರಿಯವಳು ಬಂದಳು. ಕೈಯಲ್ಲಿ ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ. ಅಂಗಡಿಯಿಂದ ನೇರ ಎದ್ದು ಬಂದಿದ್ದಾಳೆ, ಇಡಲು ಮರೆತಿದ್ದಾಳೆ ಎಂದುಕೊಂಡರು ನೋಡಿದವರು. ಅವಳು ಮರೆತಿರಲಿಲ್ಲ. ಸ್ಟಾಫ್ ರೂಮಿಗೆ ನುಗ್ಗಿ, ಟೀಚರ ಬಲ ಮಣಿಕಟ್ಟನ್ನು ಮೇಜಿಗೆ ಒತ್ತಿ ಹಿಡಿದು, ಪೆಟ್ಟಿಗೆಯನ್ನು ಅಂಗೈ ಮೇಲೆ ಊರಿದಳು. ಚರ್ಮ ಚುರ್ ಎಂದಿತು. ಇಬ್ಬರು ಮೇಷ್ಟ್ರುಗಳು ಬಂದು ಬಿಡಿಸುವ ಹೊತ್ತಿಗೆ ಕೋಣೆಯೆಲ್ಲ ಸುಟ್ಟ ಮಾಂಸದ ವಾಸನೆ.

"ನನ್ನ ಮಗಳಿಗೆ ಆ ಕಿವಿ ಇನ್ನು ಕೇಳಲ್ವಂತೆ. ಡಾಕ್ಟ್ರು ಹೇಳಿದ್ರು" ಎಂದಷ್ಟೇ ಹೇಳಿ ಅವಳು ಹೊರಟುಹೋದಳು.

ಯಾರೂ ದೂರು ಕೊಡಲಿಲ್ಲ. "ಅಲ್ಲಿಗಲ್ಲಿಗೆ ಸರಿಹೋಯ್ತು, ಬಿಟ್ಟುಬಿಡಿ" ಎಂದರು ಹೆಡ್ಮಾಸ್ಟರು. ಸರಿಹೋಗಿರಲಿಲ್ಲ. ಅಂಗೈ ವಾಸಿಯಾಯಿತು, ಕಿವಿ ವಾಸಿಯಾಗಲಿಲ್ಲ. ಹುಡುಗಿಗೆ ಒಂಟಿಕಿವಿ ಎಂದು ಹೆಸರು ಬಿತ್ತು. ಟೀಚರ್ ಅಂದಿನಿಂದ ಯಾರ ಮೇಲೂ ಕೈ ಮಾಡಲಿಲ್ಲ. ಬುದ್ಧಿ ಬಂದು ಅಲ್ಲ, ಹೆದರಿಕೆಯಿಂದ. ಕೈಯ ಕೆಲಸವನ್ನು ನಾಲಿಗೆಗೆ ವಹಿಸಿದಳು.

ಎರಡು ವರ್ಷ ಕಳೆದ ಮೇಲೆ ಆ ಶಾಲೆಗೊಂದು ಪ್ರತಿಷ್ಠಾನ ಬಂತು. ಲಾಭಕ್ಕಲ್ಲದೆ ಸರ್ಕಾರಿ ಶಾಲೆಗಳಿಗಾಗಿಯೇ ದುಡಿಯುವ ಮಂದಿ. ಪಾಠ ಮಕ್ಕಳ ಪ್ರಶ್ನೆಯಿಂದ ಶುರುವಾಗಬೇಕು. ಒಂದು ಪ್ರಶ್ನೆ ಹಿಡಿದು ಮಕ್ಕಳು ತಿಂಗಳುಗಟ್ಟಲೆ ಅಳೆದು, ಕೇಳಿ, ಬರೆದು, ಮಾಡಿ ನೋಡಬೇಕು. ಗಣಿತ, ಭಾಷೆ, ವಿಜ್ಞಾನ ಅದರೊಳಗೇ ಬರಬೇಕು. ಇದು ಅವರ ಪದ್ಧತಿ. ಅವರ ಕಡೆಯಿಂದ ಬಂದ ಯುವತಿಗೆ ಮಕ್ಕಳು ಎರಡೇ ದಿನದಲ್ಲಿ ಪ್ರಶ್ನೆ ಅಕ್ಕ ಎಂದು ಹೆಸರಿಟ್ಟರು.

"ಮಕ್ಕಳು ಪ್ರಶ್ನೆ ಕೇಳ್ತಾರಂತೆ, ನಾವು ಕೈಕಟ್ಕೊಂಡು ಕೇಳಿಸ್ಕೋಬೇಕಂತೆ" ಎಂದು ಸಿಡಿಲು ಟೀಚರ್ ಸ್ಟಾಫ್ ರೂಮಿನಲ್ಲಿ ನಗೆಯಾಡಿದಳು. "ಇನ್ನು ಹಾಜರಿನೂ ಅವರೇ ತಗೊಳ್ಳಲಿ. ನಾವು ಮೂಗು ಸುರಿಸ್ಕೊಂಡು ಬೆಂಚಲ್ಲಿ ಕೂರೋಣ."

ಏಳನೇ ತರಗತಿ ಆಕೆಯ ಪಾಲಿಗೆ ಬಂತು. ಮಕ್ಕಳು ಚೀಟಿಯಲ್ಲಿ ಪ್ರಶ್ನೆ ಬರೆದು ಡಬ್ಬಕ್ಕೆ ಹಾಕಿದರು. ನಲ್ಲಿ ನೀರು ಹತ್ತು ಗಂಟೆಗೇ ಯಾಕೆ ನಿಲ್ಲುತ್ತೆ? ನಾಯಿಗೆ ಕನಸು ಬೀಳುತ್ತಾ? ಒಂದು ಚೀಟಿಯಲ್ಲಿ ಮಾತ್ರ, "ದೊಡ್ಡವರು ನಮ್ಮನ್ನ ಯಾಕೆ ಹೊಡೀತಾರೆ?" ಎಂದಿತ್ತು. ಮೂವತ್ತನಾಲ್ಕರಲ್ಲಿ ಇಪ್ಪತ್ತೊಂಬತ್ತು ಕೈ ಅದಕ್ಕೇ ಎದ್ದವು. ಅಕ್ಷರ ಒಂಟಿಕಿವಿಯದು ಎಂದು ಟೀಚರಿಗೆ ನೋಡುತ್ತಲೇ ಗೊತ್ತಾಯಿತು.

"ಇದನ್ನ ತೆಗೆದುಹಾಕಿ. ಬೆಂಕಿ ಜೊತೆ ಆಟ ಇದು" ಎಂದಳು ಪ್ರಶ್ನೆ ಅಕ್ಕನಿಗೆ.

"ಪ್ರಶ್ನೆ ಮಕ್ಕಳದು ಟೀಚರ್. ನಮ್ಮಿಬ್ಬರಿಗೂ ಅದನ್ನ ತೆಗೆಯೋ ಹಕ್ಕಿಲ್ಲ. ನೀವು ಶೇಕಡಾ ಲೆಕ್ಕ ಕಲಿಸಿಕೊಡಿ, ಸಾಕು."

ಯಾರ ಹೆಸರೂ ಬರೆಯಬಾರದು, ಮನೆ ನಂಬರೂ ಇರಬಾರದು ಎಂದು ಮಕ್ಕಳೇ ಗೊತ್ತುಮಾಡಿಕೊಂಡರು. ಬೀದಿಬೀದಿ ಸುತ್ತಿ ಬೇರೆ ಮಕ್ಕಳಿಗೆ ನಾಲ್ಕೇ ಪ್ರಶ್ನೆ ಕೇಳಿದರು. ಯಾವುದರಿಂದ ಹೊಡೆದರು? ಮೈಯಲ್ಲಿ ಎಲ್ಲಿ? ಏನು ಕಾರಣಕ್ಕೆ? ಆಮೇಲೆ ನೀನು ಏನು ಮಾಡಿದೆ? ಇನ್ನೂರ ಹನ್ನೆರಡು ಚೀಟಿ ಬಂದವು. ಪೊರಕೆ, ಚಪ್ಪಲಿ, ಸೌಟು, ಸೈಕಲ್ ಚೈನು, ಕರೆಂಟ್ ವೈರು. ಹಾಲು ಚೆಲ್ಲಿದ್ದಕ್ಕೆ, ಕೆಮ್ಮಿದ್ದಕ್ಕೆ, ಸುಮ್ಮನಿದ್ದದ್ದಕ್ಕೆ. "ಕಾರಣ ನೆನಪಿಲ್ಲ" ಎಂದೇ ನಲವತ್ತು ಚೀಟಿ. ಟೀಚರ್ ಶೇಕಡಾ ಕಲಿಸಿದಳು. ಅಷ್ಟು ಬೇಗ, ಅಷ್ಟು ತಪ್ಪಿಲ್ಲದೆ ಯಾವ ತರಗತಿಯೂ ಶೇಕಡಾ ಕಲಿತದ್ದನ್ನು ಆಕೆ ಕಂಡಿರಲಿಲ್ಲ.

ಕೊನೆಗೆ ದೊಡ್ಡವರನ್ನೂ ಕೇಳಬೇಕೆಂದಾಯಿತು. ಒಂಟಿಕಿವಿ ಪುಸ್ತಕ ಹಿಡಿದು ಟೀಚರ ಮುಂದೆ, ಬಲಗಿವಿ ಆಕೆಯ ಕಡೆ ಬರುವಂತೆ ಓರೆಯಾಗಿ ಕೂತಳು.

"ಚಿಕ್ಕವರಿದ್ದಾಗ ನಿಮ್ಮನ್ನ ಹೊಡೆದಿದ್ರಾ ಮಿಸ್?"

"ಹೂಂ."

"ಯಾವುದರಿಂದ?"

"ಲಾರಿಯ ಫ್ಯಾನ್ ಬೆಲ್ಟು."

"ಎಲ್ಲಿ?"

"ಕಾಲಿಗೆ. ಬೆನ್ನಿಗೆ. ಮಗ್ಗಿ ತಪ್ಪಿದ್ದಕ್ಕೆ."

"ಆಮೇಲೆ ನೀವು ಏನ್ ಮಾಡಿದ್ರಿ?"

"ಆಮೇಲೆ... ಟೀಚರ್ ಆದೆ" ಎಂದಳು.

ಹುಡುಗಿ ತಲೆ ಎತ್ತದೆ ಅದನ್ನೂ ಬರೆದುಕೊಂಡಳು.

ಮಕ್ಕಳು ಕಂಡುಕೊಂಡದ್ದನ್ನು ಊರಿಗೆ ತೋರಿಸುವ ಪ್ರದರ್ಶನದ ದಿನ ಶಾಲೆಯ ಹಾಲಿನಲ್ಲಿ ಒಂದು ಬೆಡ್‌ಶೀಟ್ ಕಟ್ಟಿದ್ದರು. ಅದರ ಮೇಲೆ ಮಗುವೊಂದರ ಆಕಾರ, ಏಟು ಬಿದ್ದ ಕಡೆಯೆಲ್ಲ ಕೆಂಪು ಚುಕ್ಕಿ. ಪಕ್ಕದಲ್ಲಿ ಹೊಡೆಯುವ ವಸ್ತುಗಳ ಚಿತ್ರ. ಅಪ್ಪ ಅಮ್ಮಂದಿರು ಹತ್ತಿರ ಬಂದು ಚುಕ್ಕಿ ಎಣಿಸತೊಡಗಿದರು. ಶಾಲಾ ಸಮಿತಿಯ ಅಧ್ಯಕ್ಷ, ಮರ ಕೊಯ್ಯುವ ಮಿಲ್ಲಿನ ಯಜಮಾನ, ಇಬ್ಬರು ಆಳುಗಳೊಂದಿಗೆ ಬಂದ. ಚಿತ್ರಗಳಲ್ಲೊಂದು ಗರಗಸದ ಯಂತ್ರದ ರಬ್ಬರ್ ಬೆಲ್ಟು. ಹೆಸರಿರಲಿಲ್ಲ. ಆದರೆ ಸುತ್ತಮುತ್ತ ಇದ್ದದ್ದು ಒಂದೇ ಮಿಲ್ಲು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ಮನೆ ಮಾನ ಬೀದೀಲಿ ಹರಾಜು ಹಾಕ್ತೀಯೇನೋ?"

ಅದೇ ತರಗತಿಯಲ್ಲಿ ಓದುತ್ತಿದ್ದ ತನ್ನ ಮಗನ ಕೂದಲು ಹಿಡಿದು ಎಳೆದು ಮುಖವನ್ನು ಡೆಸ್ಕಿಗೆ ಬಡಿದ. ಒಮ್ಮೆ, ಇನ್ನೊಮ್ಮೆ. ಹುಡುಗನ ಮುಂದಿನ ಎರಡು ಹಲ್ಲು ರಕ್ತದ ಜೊತೆ ನೆಲಕ್ಕೆ ಬಿದ್ದವು. ದೊಡ್ಡವರು ಐವತ್ತು ಜನ ಇದ್ದರು. ಎಲ್ಲರೂ ಗರ ಬಡಿದಂತೆ ನಿಂತಿದ್ದರು. ಒಂಟಿಕಿವಿ ಓಡಿಬಂದು ಅವನ ತೋಳಿಗೆ ಜೋತುಬಿದ್ದಳು. ಅವನು ಕೊಡವಿ ಕೆಳಗೆ ಕೆಡವಿ, ಬೂಟುಗಾಲಿನಿಂದ ಅವಳ ಹೊಟ್ಟೆಗೆ ಒದ್ದ. ಮತ್ತೆ ಕಾಲೆತ್ತಿದ.

ಸಿಡಿಲು ಟೀಚರ್ ಬೆಡ್‌ಶೀಟ್ ಕಟ್ಟಿದ್ದ ಕಬ್ಬಿಣದ ಪೈಪನ್ನು ಕಿತ್ತು ಬೀಸಿದಳು. ಮೊಣಕೈ ಮೂಳೆ ಒಣ ಕಡ್ಡಿಯಂತೆ ಲಟಕ್ಕೆಂದಿತು. ಅವನು ಕೂಗುತ್ತ ಮಂಡಿಯೂರಿದ. ಅಲ್ಲಿಗೆ ಮುಗಿಯಬೇಕಿತ್ತು. ಮೊದಲನೇ ಏಟು ಮಕ್ಕಳ ಸಲುವಾಗಿ ಎಂದು ಆಕೆ ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳಬಲ್ಲವಳಾಗಿದ್ದಳು. ಆಕೆ ಮತ್ತೆ ಹೊಡೆದಳು, ಹೆಗಲಿಗೆ. ಮತ್ತೂ ಹೊಡೆದಳು, ದವಡೆಗೆ. ಆ ಎರಡು ಏಟು ತನ್ನದೇ ಎಂದೂ, ಹೊಡೆಯುವಾಗ ಮೈಗೆ ಹಿತವಾಗುತ್ತಿದೆ ಎಂದೂ ಆಕೆಗೆ ಆ ಕ್ಷಣದಲ್ಲೇ ಗೊತ್ತಾಯಿತು. ಅಷ್ಟರಲ್ಲಿ ಆಳುಗಳು ಆಕೆಯನ್ನು ಕೆಡವಿ ತುಳಿದರು. ಬಲ ಹೆಗಲ ಮುಂದಿನ ಕೊರಳ ಮೂಳೆ ಮುರಿಯಿತು, ಎರಡು ಪಕ್ಕೆಲುಬು ಬಿರುಕುಬಿಟ್ಟವು. ಪ್ರಶ್ನೆ ಅಕ್ಕ ಪೊಲೀಸರಿಗೆ ಫೋನ್ ಮಾಡುತ್ತಿದ್ದದ್ದು ದೂರದಿಂದ ಕೇಳಿಸಿತು.

ಆಸ್ಪತ್ರೆಗೆ ಇಸ್ತ್ರಿಯವಳು ಬಂದು ಸ್ಟೂಲಿನ ಮೇಲೆ ಕೂತಳು. "ಮಗಳು ಎದ್ದು ಓಡಾಡ್ತಿದ್ದಾಳೆ. ಒಳಗೇನೂ ಆಗಿಲ್ವಂತೆ" ಎಂದಳು. ತಂದಿದ್ದ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ, "ನೀವು ಆ ದಿನ ಮಾಡಿದ್ದನ್ನ ನಾನು ಮರೆತಿಲ್ಲ" ಎಂದೂ ಹೇಳಿದಳು.

"ಮರೀಬೇಡಮ್ಮ" ಎಂದಳು ಟೀಚರ್. ಇಸ್ತ್ರಿಯವಳು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಲೋಟವನ್ನು ಆಕೆಯ ಬಾಯಿಗೆ ಹಿಡಿದಳು.

ಮಿಲ್ಲಿನ ಯಜಮಾನನಿಗೆ ಒಂದು ವರ್ಷ ಸೆರೆಯಾಯಿತು. ಕೈ ನೆಟ್ಟಗಾಗಲಿಲ್ಲ. ಅವನ ಮಗ ಬೇರೆ ಊರಿನ ಸೋದರತ್ತೆಯ ಮನೆ ಸೇರಿದ. ಟೀಚರಿಗೆ ದಂಡ ಬಿತ್ತು, ಕೆಲಸದಿಂದ ಅಮಾನತಾಯಿತು. ಪ್ರತಿಷ್ಠಾನದವರು ಆಕೆಗೆ ವಕೀಲರನ್ನು ಕೊಟ್ಟರು. ಅದರ ಜೊತೆಗೇ ಒಂದು ಪತ್ರವನ್ನೂ ಕೊಟ್ಟರು. ಹೊಡೆದ ಯಾವ ದೊಡ್ಡವರೂ ತಮ್ಮ ತರಗತಿಗಳಲ್ಲಿ ಇರುವಂತಿಲ್ಲ ಎಂದು. ಪತ್ರ ತಂದ ಪ್ರಶ್ನೆ ಅಕ್ಕ ಬಿಕ್ಕಿಬಿಕ್ಕಿ ಅತ್ತಳು. "ಅಳ್ತೀಯ ಯಾಕೆ? ನಿಯಮ ಸರಿಯಾಗಿದೆ" ಎಂದು ಟೀಚರ್ ಎಡಗೈಯಲ್ಲಿ ಸಹಿ ಹಾಕಿದಳು. ಮಕ್ಕಳು ಹರಿದ ಬೆಡ್‌ಶೀಟನ್ನು ಹೊಲಿದು, ಇನ್ನೂರ ಹದಿಮೂರನೇ ಚೀಟಿಯೊಂದನ್ನು ಸೇರಿಸಿದರು. ವಸ್ತುವಿನ ಜಾಗದಲ್ಲಿ ಕಬ್ಬಿಣದ ಪೈಪು. ಹಾಗೆ ಬರೆಯಬೇಕೇ ಎಂದು ಅವರು ಕೇಳಿ ಕಳಿಸಿದಾಗ, ಬರೆಯಿರಿ ಎಂದು ಆಕೆಯೇ ಹೇಳಿದ್ದಳು.

ಅಮಾನತು ಮುಗಿದ ಮೇಲೆ ಆಕೆಯನ್ನು ಪಠ್ಯಪುಸ್ತಕಗಳ ಗೋದಾಮಿಗೆ ಹಾಕಿದರು. ನಿವೃತ್ತಿಯವರೆಗೆ ಪುಸ್ತಕದ ಕಟ್ಟು ಕಟ್ಟಿದಳು. ಹೊಸ ಶಿಕ್ಷಕರಿಗೆ ತರಬೇತಿ ನಡೆಯುವಾಗ ಪ್ರತಿಷ್ಠಾನದವರು ವರ್ಷಕ್ಕೊಮ್ಮೆ ಆಕೆಯನ್ನು ಕರೆಯುತ್ತಾರೆ. ಅಲ್ಲಿ ಮಕ್ಕಳಿರುವುದಿಲ್ಲ. ಆಕೆ ಏನನ್ನೂ ಬಚ್ಚಿಡದೆ ನಡೆದದ್ದನ್ನೆಲ್ಲ ಹೇಳುತ್ತಾಳೆ.

ಹೋದ ಸಲ ಒಬ್ಬ ಹುಡುಗ ಮೇಷ್ಟ್ರು ಕೇಳಿದ. "ಕೈ ಎದ್ದುಬಿಟ್ರೆ ಹೇಗೆ ಇಳಿಸೋದು ಮೇಡಂ?"

"ನನಗೆ ಗೊತ್ತಿಲ್ಲಪ್ಪ" ಎಂದಳು ಆಕೆ. "ಏಳೋ ಮುಂಚೆ ತರಗತಿ ಬಿಟ್ಟು ಆಚೆ ಬಾ. ಮಕ್ಕಳು ಗಲಾಟೆ ಮಾಡ್ಲಿ, ಹೆಡ್ಮಾಸ್ಟರು ಬೈಯ್ಲಿ. ಆಚೆ ಬಾ."

ಆ ಮೇಷ್ಟ್ರು ಅದನ್ನು ಪುಸ್ತಕದಲ್ಲಿ ಬರೆದುಕೊಂಡ. ಇನ್ನೊಬ್ಬರು ಮುಂದಿನ ಪ್ರಶ್ನೆಗೆ ಕೈ ಎತ್ತಿದರು.