ಹಲ್ಲಕ್ಕನೂ ಮರಕುಟಿಗನ ಮರಿಯೂ

ಹಲ್ಲಿಲ್ಲದವರಿಗೆ ಹಲ್ಲು ಮಾಡಿಕೊಡುವುದು ಅವಳ ಕಸುಬು. ಡಾಕ್ಟರು ಕಳಿಸಿದ ಅಚ್ಚಿಗೆ ಮೇಣ ಕೂರಿಸಿ, ತೀಡಿ, ಉಜ್ಜಿ, ಯಾರದೋ ಬಾಯಿಗೆ ನಗು ತುಂಬಿಸಿ ಕಳಿಸುತ್ತಿದ್ದಳು. ಬೀದಿಯವರಿಗೆ ಅವಳು ಹಲ್ಲಕ್ಕ. ಇಡೀ ದಿನ ಅಂಗೈಯಗಲದ ಕೆಲಸದ ಮೇಲೆ ಬಗ್ಗಿ ಕೂತು ಕತ್ತು ಹಿಡಿದುಕೊಂಡಾಗ, ‘ಬೆಳಗ್ಗೆ ಎದ್ದು ನಡಿ, ಮೇಲೆ ನೋಡು’ ಎಂದರು ಡಾಕ್ಟರು. ಕಡಲ ದಂಡೆಯ ನಡಿಗೆ ಶುರುವಾದದ್ದು ಹಾಗೆ. ಮೇಲೆ ನೋಡಿದರೆ ಹಕ್ಕಿ, ಕತ್ತು ನೋಯಿತೆಂದು ಕೆಳಗೆ ನೋಡಿದರೆ ಅಣಬೆ. ಎರಡರ ಹುಚ್ಚೂ ಒಟ್ಟಿಗೇ ಹಿಡಿಯಿತು.

ಹುಚ್ಚಿನ ಜೊತೆಗೆ ನಾದಿನಿಯೂ ಅಂಟಿಕೊಂಡಳು. ಗಂಡನ ತಂಗಿ, ಬೇಡ ಎನ್ನುವ ಹಾಗಿಲ್ಲ. ಮನೆಯ ಬಾಗಿಲಲ್ಲಿ ಬಿಚ್ಚಿದ ಮಾತಿನ ಗಂಟನ್ನು ಅವಳು ಬಂದರಿನ ತನಕವೂ ಕಟ್ಟುತ್ತಿರಲಿಲ್ಲ. ಕಬ್ಬಿಣದ ಕಂಬಿಯ ಮೇಲೆ ಮಿಂಚುಳ್ಳಿ ಕೂತಿದೆಯೆಂದು ಹಲ್ಲಕ್ಕ ಉಸಿರು ಬಿಗಿಹಿಡಿದು ನಿಂತರೆ, ಬೆನ್ನ ಹಿಂದೆ ಶುರು.

“ಅತ್ತಿಗೆ, ಎದುರುಮನೆಯವಳು ಪರದೆ ಬದಲಾಯಿಸಿದ್ದಾಳೆ, ನೋಡಿದ್ರಾ?”

ಮಿಂಚುಳ್ಳಿ ಪುರ್ರೆಂದಿತು.

“ನೋಡ್ದೆ ಕಣೇ. ನಿನ್ನ ಜೊತೆ ಬಂದು ಊರಿನ ಪರದೆ ಎಲ್ಲಾ ನೋಡಿದೀನಿ. ಹಕ್ಕಿ ಒಂದು ಬಿಟ್ಟು.”

“ಅಯ್ಯೋ, ಹಕ್ಕಿ ಎಲ್ಲಿ ಹೋಗುತ್ತೆ. ನಾಳೆ ಬರುತ್ತೆ ಬಿಡಿ.”

ರಸ್ತೆ ತಿರುಗುವಲ್ಲಿ, ಮಕ್ಕಳು ಶಾಲೆಯ ಬಸ್ಸಿಗೆ ಕಾಯುವ ಕಡೆ, ಒಂದು ಮುದಿ ಮರವಿತ್ತು. ಅದರ ಬುಡಕ್ಕೆ ತಟ್ಟೆಯ ಮೇಲೆ ತಟ್ಟೆ ಜೋಡಿಸಿದಂತೆ ಗಟ್ಟಿ ಅಣಬೆಗಳು. ಅಂಚು ನಸುಗೆಂಪು, ಹಲ್ಲಕ್ಕ ಬಣ್ಣ ಬೆರೆಸಿ ಮಾಡುವ ವಸಡಿನ ಹಾಗೆಯೇ. ಮೇಲೆ ಕಾಂಡದಲ್ಲಿ ಒಂದು ಪೊಟರೆ. ಪೊಟರೆಯಲ್ಲಿ ಮರಕುಟಿಗನ ಮರಿ, ಒಂದೇ ಒಂದು. ಅದು ಮೊದಲ ಸಲ ಹಾರುವುದನ್ನು ಕಣ್ಣಾರೆ ನೋಡಬೇಕು. ಹಲ್ಲಕ್ಕನಿಗೆ ಬೇಕಿದ್ದದ್ದು ಇಷ್ಟೇ.

ಒಂದು ಬೆಳಗ್ಗೆ ನಗರದ ಮರಗಳ ಮೇಲ್ವಿಚಾರಕ ಅದೇ ದಾರಿಯಲ್ಲಿ ಬಂದ. ಯಾರಿಗಾದರೂ ತೋರಿಸದೆ ಅವಳಿಗೆ ಇರಲಾಗಲಿಲ್ಲ.

“ಬನ್ನಿ ಅಣ್ಣ, ಇಲ್ಲೊಂದು ಚೆಂದ ನೋಡಿ.”

ಅವನು ಅಣಬೆಯನ್ನು ನೋಡಿದ. ಬಗ್ಗಿ ಕಾಂಡಕ್ಕೆ ಸುತ್ತಿಗೆಯಿಂದ ತಟ್ಟಿದ. ಖಾಲಿ ಡಬ್ಬದ ಸದ್ದು ಬಂತು.

“ಒಳ್ಳೇದಾಯ್ತಮ್ಮ ತೋರಿಸಿದ್ದು,” ಎಂದ. “ಈ ಅಣಬೆ ಬಂದ್ರೆ ಮರದ ಹೊಟ್ಟೆ ಕೊಳೆತಿದೆ ಅಂತಾನೇ ಲೆಕ್ಕ. ಕೆಳಗೆ ಮಕ್ಕಳು ನಿಲ್ತಾರೆ.”

ಮರುದಿನ ಕಾಂಡದ ಮೇಲೆ, ಕಡಿಯುವ ಮರಕ್ಕೆ ಹಾಕುವ ಕೆಂಪು ಬಣ್ಣದ ಗುರುತು ಬಿದ್ದಿತ್ತು.

ಅಂದು ಹಲ್ಲಕ್ಕ ಕೂರಿಸಿದ ಹಲ್ಲೆಲ್ಲ ಸೊಟ್ಟ. ಕಿತ್ತಳು, ಮತ್ತೆ ಕೂರಿಸಿದಳು, ಮತ್ತೆ ಕಿತ್ತಳು. ಮೇಲ್ವಿಚಾರಕನ ಮೇಲೆ ಸಿಟ್ಟು ಮಾಡೋಣವೆಂದರೆ ಅವನು ಹೇಳಿದ್ದು ಸರಿ. ನಾದಿನಿಯ ಮೇಲೆ ಹರಿಹಾಯೋಣವೆಂದರೆ, ಪಾಪ, ಈ ಸಲ ಬಾಯಿ ಬಿಟ್ಟವಳು ಅವಳಲ್ಲ.

“ಅಷ್ಟು ದಿನ ನನ್ನ ಬಾಯಿಗೆ ಬೀಗ ಹಾಕೋಕೆ ನೋಡಿದ್ರಿ,” ಎಂದಳು ನಾದಿನಿ. “ನಿಮ್ಮ ಬೀಗದ ಕೈ ಎಲ್ಲಿಟ್ಟಿದ್ರಿ?”

ಹಲ್ಲಕ್ಕ ಮೇಲ್ವಿಚಾರಕನ ಕಚೇರಿಗೆ ಹೋದಳು. ಮರಿ ಹಾರುವವರೆಗೆ ತಾಳಿ ಎಂದು ಕೇಳಿದಳು. ಒಬ್ಬ ಇನ್ನೊಬ್ಬನ ಬಳಿ ಕಳಿಸಿದ, ಇನ್ನೊಬ್ಬ ಊಟಕ್ಕೆ ಹೋಗಿದ್ದ. ಸಿಕ್ಕಾಗ, “ಗಾಳಿಯ ಕಾಲ ಬರ್ತಿದೆಯಮ್ಮ, ಅದು ಮರಿಗೆ ಕಾಯುತ್ತಾ?” ಎಂದ.

ಕತ್ತರಿಸುವವರು ಬಂದ ಬೆಳಗ್ಗೆ ಮರಿ ಪೊಟರೆಯಿಂದ ಅರ್ಧ ಮೈ ಹೊರಗೆ ಹಾಕಿ ಕೂತಿತ್ತು. ತಾಯಿ ಹಕ್ಕಿ ಹುಳ ಕಚ್ಚಿಕೊಂಡು ಪಕ್ಕದ ಕಂಬದಲ್ಲಿ ಕೂತು, ಬೇಕಿದ್ದರೆ ಬಾ ಎಂಬಂತೆ ಕರೆಯುತ್ತಿತ್ತು. ಇಂದೇ, ಈಗಲೇ ಹಾರುತ್ತದೆ. ಆದರೆ ಏಣಿಯ ಲಾರಿ ಬಂದು ನಿಂತಾಗಿತ್ತು. ಹಲ್ಲಕ್ಕನ ಕಣ್ಣು ತುಂಬಿತು.

ನಾದಿನಿ ಅತ್ತಿಗೆಯ ಮುಖ ನೋಡಿದಳು. ಸೆರಗು ಸರಿಮಾಡಿಕೊಂಡು ನೇರ ಮೇಲ್ವಿಚಾರಕನ ಬಳಿ ಹೋಗಿ, ಮರದ ಕಡೆಗೆ ಅವನು ಬೆನ್ನಾಗುವಂತೆ ನಿಂತಳು.

“ನಿಮ್ಮನ್ನ ಎಲ್ಲೋ ನೋಡಿದೀನಲ್ಲ ಅಣ್ಣ. ನಿಮ್ಮ ಅಕ್ಕನ ಮನೆ ಹಳೇ ಮಾರ್ಕೆಟ್ ಹಿಂದೆ ಅಲ್ವಾ? ಅಲ್ಲ ಅಂತೀರಾ? ಮತ್ತೆ ಮೂಗು ಅವರ ಹಾಗೇ ಇದೆಯಲ್ಲ?”

ಅಲ್ಲಿಂದ ಅಕ್ಕನಿಗೆ, ಅಕ್ಕನಿಂದ ಮಂಡಿನೋವಿಗೆ, ಮಂಡಿನೋವಿನಿಂದ ಲಾರಿಯ ಚಾಲಕನ ಸಂಬಳಕ್ಕೆ ಮಾತು ಹರಿಯಿತು. ಅವರಿಗೆ ಗರಗಸ ಮುಟ್ಟಲು ಸಂದು ಸಿಗಲಿಲ್ಲ. ಹಲ್ಲಕ್ಕ ಪೊಟರೆಯಿಂದ ಕಣ್ಣು ಕೀಳಲಿಲ್ಲ. ಮರಿ ಮುಂದೆ ಬಂತು, ಹಿಂದೆ ಹೋಯಿತು, ಮತ್ತೆ ಮುಂದೆ ಬಂತು.

ಕೊನೆಗೆ ಮೇಲ್ವಿಚಾರಕ, “ಸಾಕಮ್ಮ, ಕೆಲಸ ಇದೆ,” ಎಂದು ಕೈ ಎತ್ತಿ ಚಾಲಕನಿಗೆ ಸನ್ನೆ ಮಾಡಿದ. ಹಲ್ಲಕ್ಕ ಓಡಿಹೋಗಿ ಅವನ ತೋಳು ಹಿಡಿದಳು.

“ಒಂದೇ ಗಳಿಗೆ ಅಣ್ಣ. ದಮ್ಮಯ್ಯ.”

ಆಗ ನಾದಿನಿಯ ಮಾತು ನಡುವೆಯೇ ನಿಂತಿತು. ಅವಳು ಹುಟ್ಟಿದಾಗಿನಿಂದ ಅದು ಹಾಗೆ ನಿಂತದ್ದಿಲ್ಲ. ಹಲ್ಲಕ್ಕ ಗಾಬರಿಯಾಗಿ ತಿರುಗಿದಳು. ಪೊಟರೆ ಖಾಲಿ. ಕಂಬವೂ ಖಾಲಿ.

ಮಧ್ಯಾಹ್ನದೊಳಗೆ ಮರ ನೆಲಕ್ಕೆ ಬಂತು. ಮೇಲ್ವಿಚಾರಕ ಒಂದು ಅಣಬೆಯನ್ನು ಬಿಡಿಸಿ, “ಇಟ್ಕೊಳ್ಳಿ,” ಎಂದು ಅವಳ ಕೈಯಲ್ಲಿಟ್ಟ. ಅದನ್ನು ಹಿಡಿದು ಮನೆಯ ಕಡೆ ನಡೆಯುತ್ತ ಹಲ್ಲಕ್ಕ ಕಾದಳು. ದಾರಿ ಅರ್ಧವಾದರೂ ನಾದಿನಿ ತುಟಿ ಬಿಚ್ಚಲಿಲ್ಲ.

“ನೋಡಿದ್ದು ನೀನೊಬ್ಬಳೇ, ಹೇಳೇ. ಹೇಗೆ ಹಾರ್ತು?”

“ಹೇಗೆ ಅಂದ್ರೆ? ಹಾರ್ತು.”

“ಮೊದಲು ಕೆಳಗೆ ಬಿತ್ತಾ? ನೇರ ಕಂಬಕ್ಕೆ ಹೋಯ್ತಾ? ರೆಕ್ಕೆ ಹೇಗಿತ್ತು?”

“ರೆಕ್ಕೆ ಇತ್ತು ಅತ್ತಿಗೆ. ಇದ್ದಿದ್ದಕ್ಕೇ ಹಾರ್ತು.”

“ಪರದೆ ವಿಷಯ ಇಡೀ ದಾರಿ ಹೇಳ್ತೀಯಲ್ಲೇ!”

“ಪರದೆ ಬೇರೆ,” ಎಂದಳು ನಾದಿನಿ ಮೆಲ್ಲಗೆ, ಸೆರಗಿನಿಂದ ಕಣ್ಣೊರೆಸಿಕೊಂಡು.