ಲಾರಿಯ ಹಣೆಗೆ ನವಿಲು

ಆಗೆಲ್ಲ ನಮ್ಮ ಹೊಳೆನರಸೀಪುರದಲ್ಲಿ ಲಾರಿಗಳನ್ನು ಯಾರೂ ನಂಬರ್ ಪ್ಲೇಟು ನೋಡಿ ಗುರುತಿಸುತ್ತಿರಲಿಲ್ಲ, ಮುಖ ನೋಡಿ ಗುರುತಿಸುತ್ತಿದ್ದರು. ಕ್ಯಾಬಿನ್ನಿನ ಹಣೆಗೆ, ಬಾಗಿಲ ಕೆಳಗೆ, ಡೀಸೆಲ್ ಟ್ಯಾಂಕಿನ ಪಕ್ಕಕ್ಕೆ ಹೊಳೆಯುವ ಸ್ಟೀಲ್ ತಗಡು ಹೊಡೆಸುವುದು ಮಾಲೀಕರಿಗೆ ಒಂದು ಶೋಕಿ. ಒಬ್ಬರದು ಕಮಲ, ಇನ್ನೊಬ್ಬರದು ಜೋಡಿ ಆನೆ. ತೆಂಗಿನಕಾಯಿ ತುಂಬಿಕೊಂಡು ಸೇತುವೆ ದಾಟಿ ಬರುವ ಲಾರಿಯ ತಗಡು ಬಿಸಿಲಿಗೆ ಮಿಂಚಿದರೆ ಸಾಕು, ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದ ನಾವು ಒಂಟಿಕಾಲಲ್ಲೇ ನಿಂತು ಅದು ಯಾರದೆಂದು ಹೇಳುತ್ತಿದ್ದೆವು.

ನಮ್ಮಪ್ಪ ಬಹಳ ವರ್ಷ ಬೇರೆಯವರ ಲಾರಿ ಓಡಿಸಿ, ನಾನು ಐದನೇ ಕ್ಲಾಸಿನಲ್ಲಿದ್ದಾಗ ಸ್ವಂತಕ್ಕೊಂದು ಹಳೇ ಲಾರಿ ತೆಗೆದುಕೊಂಡರು. ಎಂಜಿನ್ ಗಟ್ಟಿ, ಮೈಯೆಲ್ಲ ತುಕ್ಕು. ಸಂಕ್ರಾಂತಿಯೊಳಗೆ ಅದಕ್ಕೆ ಹಸಿರು ಬಣ್ಣ ಬಳಿಸಿ ತಗಡು ಹೊಡೆಸಬೇಕೆಂಬುದು ಅಪ್ಪನ ಆಸೆ. ಯಾವ ತಗಡೆಂದು ನಾನೇ ಆರಿಸಬೇಕೆಂಬುದು ನನ್ನ ಆಸೆ. ಇರುವವಳು ನಾನೊಬ್ಬಳೇ ಮಗಳು, ಇನ್ಯಾರು ಆರಿಸುತ್ತಾರೆ?

ಆದರೆ ಆ ವರ್ಷ ಮನೆಯಲ್ಲಿ ಗೌರಿ ಇದ್ದಳು. ಅರಕಲಗೂಡಿನ ಚಿಕ್ಕಪ್ಪ ತೀರಿಕೊಂಡ ಮೇಲೆ ಚಿಕ್ಕಮ್ಮ ಟೀಚರ್ ಟ್ರೈನಿಂಗಿಗೆಂದು ಮೈಸೂರಿನ ಹಾಸ್ಟೆಲ್ ಸೇರಿದ್ದರು, ಮಗಳನ್ನು ನಮ್ಮಲ್ಲಿ ಬಿಟ್ಟಿದ್ದರು. ನನಗಿಂತ ಒಂದು ವರ್ಷ ಚಿಕ್ಕವಳು. ಸಣ್ಣ ದನಿ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ಅವಳು ಬಂದು ವಾರಕ್ಕೆಲ್ಲ ನಮ್ಮ ಮನೆ ಮುಂದಿನ ರಂಗೋಲಿಯೇ ಬೇರೆಯಾಯಿತು. ಅವಳ ಕೈಯಲ್ಲಿ ಬಳ್ಳಿ ಎಳೆದರೆ ಅದು ನೆಲದ ಮೇಲೆ ಹಬ್ಬಿದ ಹಾಗೇ ಇರುತ್ತಿತ್ತು. ಟ್ರಿಪ್ಪು ಮುಗಿಸಿ ಬಂದ ಅಪ್ಪ ಆ ರಂಗೋಲಿ ತುಳಿಯದಂತೆ ಸುತ್ತಿಕೊಂಡು ಒಳಗೆ ಬರುವುದನ್ನು ನಾನು ಕಿಟಕಿಯಿಂದ ನೋಡಿದೆ. ಎರಡು ವರ್ಷದಿಂದ ನಾನು ಇಡುತ್ತಿದ್ದ ರಂಗೋಲಿಯನ್ನು ಅವರು ಚಪ್ಪಲಿಯಲ್ಲೇ ದಾಟುತ್ತಿದ್ದರು. ಅವತ್ತಿನಿಂದ ನನ್ನ ಹೊಟ್ಟೆಯೊಳಗೆ ಏನೋ ಉರಿಯತೊಡಗಿತು. ಅಮ್ಮ ಹಿದುಕವರೆ ಸಾರಿನ ಮೇಲಿನ ತುಪ್ಪವನ್ನು ಮೊದಲು ಅವಳ ತಟ್ಟೆಗೆ ಹಾಕಿದರೂ ಉರಿ, ಮೇಷ್ಟರು ಅವಳ ಸ್ಲೇಟು ಎತ್ತಿ ತೋರಿಸಿದರೂ ಉರಿ.

ಹಸಿರು ಬಣ್ಣ ಬಳಿಸಿ ಮುಗಿದ ಮೇಲೆ ಒಂದು ಭಾನುವಾರ ಅಪ್ಪ ನಮ್ಮಿಬ್ಬರನ್ನೂ ಲಾರಿಯಲ್ಲಿ ಕೂರಿಸಿಕೊಂಡು ಹಾಸನಕ್ಕೆ ಹೊರಟರು. ಗೌರಿಗೆ ಕಿಟಕಿ ಪಕ್ಕದ ಜಾಗ, ನನಗೆ ನಡುವೆ, ಕಾಲಿಗೆ ಎಂಜಿನ್ನಿನ ಬಿಸಿ. ಅಲ್ಲಿ ಚನ್ನರಾಯಪಟ್ಟಣದ ರಸ್ತೆಯಲ್ಲಿ, ಲಾರಿಗಳಿಗೆ ತಗಡು ಹೊಡೆಯುವ ನಯಾಜ್ ಸಾಬರ ಶೆಡ್ಡು. ಒಳಗೆ ಕಾದ ಕಬ್ಬಿಣದ ವಾಸನೆ, ಥಿನ್ನರಿನ ವಾಸನೆ. ಗೋಡೆ ಉದ್ದಕ್ಕೂ ತಗಡುಗಳನ್ನು ಒರಗಿಸಿಟ್ಟಿದ್ದರು. ನವಿಲು, ಕಮಲ, ಸೂರ್ಯ, ಚೌಕುಳಿ. ನನ್ನ ಕಣ್ಣು ನವಿಲಿನ ಮೇಲೇ ನಿಂತಿತು. ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಹೇಳಿಬಿಟ್ಟರು.

"ಗೌರವ್ವ, ಕಣ್ಣಿರೋಳು ನೀನು. ಯಾವುದು ಆಕ್ಸಾನ, ನೀನೇ ಏಳು."

ಗೌರಿ ನನ್ನ ಮುಖ ನೋಡಿದಳು. ನಾನು ಬೇಕೆಂದೇ ಬೇರೆ ಕಡೆ ತಿರುಗಿದೆ. ಅವಳು ಒಂದೊಂದನ್ನೂ ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿ, ಕೊನೆಗೆ ಅಂಚಿನಲ್ಲಿ ಮಾತ್ರ ಸಣ್ಣ ಬಳ್ಳಿ ಇದ್ದ ಸಾದಾ ತಗಡು ತೋರಿಸಿದಳು. ನವಿಲು ಹತ್ತಿರದಿಂದ ಚೆಂದ, ದೂರದಿಂದ ಬರೀ ಗೀಚಿದ ಹಾಗೆ ಕಾಣುತ್ತದೆ, ಹಸಿರು ಲಾರಿಗೆ ಬಳ್ಳಿಯೇ ಒಪ್ಪುತ್ತದೆ ಎಂದಳು. ಅಪ್ಪ ಸಾಬರ ಕಡೆ ನೋಡಿ ನಕ್ಕ ನಗುವಿತ್ತಲ್ಲ, ಅಂಥ ನಗುವನ್ನು ಅವರು ನನಗಾಗಿ ಎಂದೂ ನಕ್ಕಿರಲಿಲ್ಲ ಅನ್ನಿಸಿತು.

ಬೋಂಡ ತಿನ್ನೋಣ ಬನ್ನಿ ಎಂದು ಅಪ್ಪ ಕರೆದರು. ಹೊಟ್ಟೆನೋವು ಎಂದು ಸುಳ್ಳು ಹೇಳಿ ನಾನು ಅಲ್ಲೇ ಟೈರಿನ ಮೇಲೆ ಕೂತೆ. ಅವರಿಬ್ಬರೂ ಹೋದರು. ಸಾಬರು ಬಳ್ಳಿಯ ತಗಡನ್ನು ಎತ್ತಿಕೊಂಡು, ಇದೇ ತಾನೆ ಮಗಳೇ ಎಂದು ಸುಮ್ಮನೆ ಕೇಳಿದರು.

"ಅಲ್ಲ ಸಾಬ್ರೆ, ನವಿಲು. ಅಪ್ಪ ಆಮೇಲೆ ಮನಸ್ಸು ಬದಲಾಯಿಸಿದ್ರು," ಎಂದೆ.

ಮಾಲೀಕರ ಮಗಳ ಮಾತು, ಅವರು ಅನುಮಾನ ಪಡಲಿಲ್ಲ. ಡ್ರಿಲ್ಲು ಕಿರ್ರೆಂದಿತು. ಆ ಸದ್ದು ಕೇಳುತ್ತಾ ಮೊದಲು ಖುಷಿಯಾಯಿತು, ಆಮೇಲೆ ನಿಜವಾಗಿಯೂ ಹೊಟ್ಟೆ ನೋಯತೊಡಗಿತು. ಅಪ್ಪ ನನಗೆಂದು ಕಾಗದದಲ್ಲಿ ಬೋಂಡ ಕಟ್ಟಿಸಿಕೊಂಡು ಬರುವ ಹೊತ್ತಿಗೆ ಲಾರಿಯ ಹಣೆಯ ಮೇಲೆ ನವಿಲು ಕೂತಾಗಿತ್ತು. ಕೊರೆದ ತೂತನ್ನು ಮುಚ್ಚಲು ಬರುವುದಿಲ್ಲ. ಅಪ್ಪ ಸಾಬರನ್ನು ನೋಡಿದರು, ಸಾಬರು ನನ್ನನ್ನು ನೋಡಿದರು.

ಆಗ ಗೌರಿ ಮುಂದೆ ಬಂದಳು. "ನಾನೇ ದೊಡ್ಡಪ್ಪ. ಆಮೇಲೆ ನವಿಲೇ ವಾಸಿ ಅನ್ನಿಸ್ತು. ಸಾಬ್ರಿಗೆ ಹೇಳು ಅಂತ ಸುಮಕ್ಕಂಗೆ ಹೇಳಿ ಬಂದಿದ್ದೆ."

ಅಪ್ಪ ಸ್ವಲ್ಪ ಹೊತ್ತು ತಗಡಿನ ಮೇಲೆ ಕೈಯಾಡಿಸಿದರು. ಅವರಿಗೆ ಬಳ್ಳಿಯೇ ಮನಸ್ಸಿಗೆ ಬಂದಿತ್ತೆಂದು ಗೊತ್ತಾಗುತ್ತಿತ್ತು. "ಆಗ್ಲಿ ಬುಡವ್ವ, ನೀನು ಏಳಿದ್ಮೇಲೆ ಮುಗೀತು," ಎಂದು ಅವಳ ತಲೆ ಸವರಿದರು. ತಪ್ಪು ಮಾಡಿದೆನೆಂದು ಒಪ್ಪಿಕೊಂಡರೂ ಅವಳಿಗೇ ಆ ಕೈ. ಬೈಸಿಕೊಳ್ಳದೆ ಪಾರಾದೆನೆಂಬ ನೆಮ್ಮದಿಗಿಂತ ಆ ಸಂಕಟವೇ ದೊಡ್ಡದಾಗಿತ್ತು ನನಗೆ.

ಮಾರನೆಯ ಸಂಜೆ ಹಿತ್ತಲಲ್ಲಿ ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದೆವು, ಬೆರಳೆಲ್ಲ ಸೊಗಡಿನ ಅಂಟು. ತಡೆಯಲಾರದೆ ಕೇಳಿದೆ, ಯಾಕೆ ಹಾಗೆ ಹೇಳಿದೆ ಎಂದು. ಅವಳು ತಲೆ ಎತ್ತಲಿಲ್ಲ.

"ನಿಂಗೆ ಬೈದಿದ್ರೆ ನೀನು ನನ್ನ ಮೇಲೆ ಸಿಟ್ಟಾಗ್ತಿದ್ದೆ. ನಾನು ನಿಮ್ಮನೇಲೇ ಅಲ್ವಾ ಅಕ್ಕ ಇರ್ಬೇಕು?"

ನಾನು ಅವಳ ಮೇಲೆ ಹೊಟ್ಟೆ ಉರಿದುಕೊಂಡ ಅಷ್ಟೂ ದಿನ ಅವಳು ನನಗೆ ಹೆದರಿಕೊಂಡು ಬದುಕಿದ್ದಳು. ಅದು ತಿಳಿದ ಮೇಲಾದರೂ ನಾನು ಬದಲಾದೆ ಎಂದು ಬರೆಯಬಹುದಿತ್ತು, ಆದರೆ ಅದು ಸುಳ್ಳಾಗುತ್ತದೆ. ಉರಿ ಹಾಗೇ ಇತ್ತು, ಜೊತೆಗೆ ನಾಚಿಕೆ ಸೇರಿಕೊಂಡಿತು, ಅಷ್ಟೆ. ಮರುವರ್ಷ ಚಿಕ್ಕಮ್ಮನಿಗೆ ಅರಕಲಗೂಡಿನ ಹತ್ತಿರವೇ ಕೆಲಸವಾಗಿ ಮಗಳನ್ನು ಕರೆದುಕೊಂಡು ಹೋದರು. ನವಿಲಿನ ಲಾರಿಯೆಂದೇ ಊರಲ್ಲಿ ಹೆಸರಾಯಿತು. ಯಾರಾದರೂ ಕೇಳಿದರೆ ಅಪ್ಪ, ನಮ್ಮ ಗೌರಿ ಆರಿಸಿದ್ದು ಎನ್ನುತ್ತಿದ್ದರು. ಪಕ್ಕದಲ್ಲೇ ನಿಂತಿದ್ದರೂ ನಾನು ಒಮ್ಮೆಯೂ ಬಾಯಿ ಬಿಡಲಿಲ್ಲ. ಈಗ ಅಪ್ಪ ಇಲ್ಲ. ಲಾರಿ ಯಾರ ಕೈಗೆ ಹೋಯಿತೋ ಗೊತ್ತಿಲ್ಲ. ಹೆದ್ದಾರಿಯಲ್ಲಿ ಸಾಲಾಗಿ ಹೋಗುವ ಲಾರಿಗಳ ಮುಖವೆಲ್ಲ ಒಂದೇ ಥರ, ಯಾರ ಇಷ್ಟವೂ ಅವುಗಳ ಮೇಲೆ ಕಾಣುವುದಿಲ್ಲ.

ಹೋದ ವರ್ಷ ಚನ್ನರಾಯಪಟ್ಟಣದಲ್ಲಿ ನೆಂಟರ ಗೃಹಪ್ರವೇಶ. ಗೌರಿಯೂ ಬಂದಿದ್ದಳು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು, ತಲೆಯಲ್ಲಿ ಅಲ್ಲಲ್ಲಿ ಬಿಳಿಗೂದಲು. ಮನೆಯಾಕೆ ನಮ್ಮ ಮುಂದೆ ಎರಡು ಸೀರೆ ಹಿಡಿದು, ಯಾರಿಗೆ ಯಾವುದು ಬೇಕೋ ತಗೊಳ್ಳಿ ಎಂದರು. ಗೌರಿಯ ಕಣ್ಣು ಒಂದರ ಮೇಲೆ ಹೋಗಿ ಬಂದದ್ದನ್ನು ನೋಡಿದೆ. ಅವಳು ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

"ಸುಮಕ್ಕ ಮೊದ್ಲು ತಗೊಳ್ಳಲಿ," ಎಂದಳು.